ಎಲ್ಲ ಬಸ್ಸೂ ಬೀಳಗಿಗೆ

ಬನಹಟ್ಟಿಯ ನಮ್ಮ ಮನೆಯ ಕಟ್ಟೆಯ ಮೇಲೆ ಮೂರು ಪ್ಲಾಸ್ಟಿಕ್ ಕುರ್ಚಿಗಳಿವೆ. ಕೊಂಡವನು ನಾನಾದರೂ ಸಂಜೆ ಐದರ ನಂತರ ಅವುಗಳ ಮೇಲೆ ನನಗೆ ಯಾವ ಅಧಿಕಾರವೂ ಇಲ್ಲ. ಆಗ ಅವು ಒಂದರ ಹಿಂದೊಂದು ನಿಂತು ಬಸ್ಸಾಗುತ್ತವೆ. ಪಕ್ಕದ ಮನೆಯ ಐದು ವರ್ಷದ ಶ್ರಾವಣಿ ಕಂಡಕ್ಟರು. ನಮ್ಮ ಮನೆಯ ಊಟದ ತಾಟನ್ನೇ ಸ್ಟಿಯರಿಂಗ್ ಮಾಡಿ ತಿರುಗಿಸುತ್ತ ಆಗಾಗ ನಿದ್ದೆಹೋಗುವ ಅವಳ ತಮ್ಮ ಡ್ರೈವರು. ನಡುವಿನ ಕುರ್ಚಿ ನನ್ನದು, ಕೊನೆಯದು ಸದಾ ಖಾಲಿ.

ಮೂವತ್ತು ವರ್ಷ ಬಸ್ ನಿಲ್ದಾಣಗಳಲ್ಲಿ ಸಂಚಾರ ನಿಯಂತ್ರಕನಾಗಿದ್ದು, ಧ್ವನಿವರ್ಧಕದಲ್ಲಿ ಘೋಷಿಸಿ, ಕೇಳಿದ್ದನ್ನೇ ಮತ್ತೆ ಕೇಳಿದವರ ಮೇಲೆ ರೇಗಿ ನಿವೃತ್ತನಾದವನು ನಾನು. ಆಮೇಲೆ ನನ್ನ ಘೋಷಣೆಗಳಿಗೆ ಶ್ರೋತೃಗಳೇ ಇಲ್ಲವಾದರು. ಹೆಂಡತಿಯಂತೂ ಮೊದಲಿನಿಂದಲೂ ಕಿವಿಗೊಟ್ಟವಳಲ್ಲ. ಇಂಥವನನ್ನು ಯಾರಾದರೂ ಪ್ರಯಾಣಿಕನೆಂದಾದರೂ ಲೆಕ್ಕಕ್ಕೆ ಹಿಡಿದರೆ ಎಷ್ಟು ಹಿತವೆನ್ನುತ್ತೀರಿ! ನಾಲ್ಕೂವರೆಗೇ ಇಸ್ತ್ರಿಯ ಅಂಗಿ ತೊಟ್ಟು ಕಾಯುತ್ತಿದ್ದೆ.

ಒಂದು ಸಂಜೆ ಶ್ರಾವಣಿ, "ರಬಕವಿ, ತೇರದಾಳ, ಬೀಳಗೀ..." ಎಂದು ಕೂಗಿದಳು. ತೇರದಾಳ ಒಂದು ದಿಕ್ಕು. ಬೀಳಗಿಗಾದರೆ ಜಮಖಂಡಿಯ ಕಡೆ ಮುಖ ಮಾಡಬೇಕು. ನನ್ನೊಳಗಿನ ನಿಯಂತ್ರಕ ಎದ್ದು ಕೂತ.

"ತೇರದಾಳದ ಬಸ್ ಬೀಳಗಿಗೆ ಹೋಗಂಗಿಲ್ಲವ್ವಾ."

ಅವಳು ನನ್ನನ್ನು ದಿಟ್ಟಿಸಿ ನೋಡಿ, "ಇಳೀರಿ. ನಿಮ್ಮ ಸ್ಟಾಪ್ ಬಂತು" ಎಂದಳು.

ಮೂರು ದಿನ ನನ್ನ ಕುರ್ಚಿಯಲ್ಲಿ ಗೊಂಬೆಯೊಂದು ಪ್ರಯಾಣ ಮಾಡಿತು. ನಿವೃತ್ತಿಯ ದಿನ ಹಾರ ಹಾಕಿ ಕಳಿಸಿಕೊಟ್ಟಾಗಲೂ ನನಗೆ ಇಷ್ಟು ಸಂಕಟವಾಗಿರಲಿಲ್ಲ. ಕೊನೆಗೆ ತಾಟು ಹಿಂದಿರುಗಿಸಲು ಬಂದ ಅವಳ ಅಜ್ಜಿಯ ಮುಂದೆ ದೂರಿಕೊಂಡೆ.

"ಆಕಿ ಬಸ್ ಎತ್ತಾಗ ಹೋದ್ರೂ ಕಡೀಕ ಬೀಳಗೀನ ರೀ," ಎಂದರು ಆಕೆ. "ಅವರವ್ವ ಅಲ್ಲೇ ನರ್ಸ್ ಅದಾಳಲ್ರೀ."

ಗೊತ್ತಿಲ್ಲದ ಸಂಗತಿಯೇನಲ್ಲ. ಆ ತಾಯಿ ಭಾನುವಾರ ಬಂದು ಸೋಮವಾರ ನಸುಕಿಗೇ ಹೋಗುವುದನ್ನು ನಾನೇ ಕಂಡಿದ್ದೇನೆ; ಯಾವ ಬಸ್ಸಿಗೆ ಹೋದರೆ ಅನುಕೂಲವೆಂದು ಕೇಳದೆಯೇ ಹೇಳಿದ್ದೇನೆ ಕೂಡ. ಆದರೂ ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು.

ಮರುದಿನ ಕಟ್ಟೆಯ ಕೆಳಗೆ ನಿಂತು, ಎರಡೂ ಕೈ ಬಾಯಿಗೊಡ್ಡಿ, ಓಣಿಗೆಲ್ಲ ಕೇಳುವಂತೆ ಘೋಷಿಸಿದೆ: "ಪ್ರಯಾಣಿಕರ ಗಮನಕ್ಕೆ! ರಬಕವಿ, ತೇರದಾಳ ಮಾರ್ಗವಾಗಿ ಬೀಳಗಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ!"

ಕಂಡಕ್ಟರು ತುಸು ಯೋಚಿಸಿದಳು. "ಲಗೂನ ಹತ್ರಿ. ಸೀಟಿಲ್ಲ, ನಿಂತ ಬರ್ರಿ."

ನಾನು ಹಿಂದಿನ ಖಾಲಿ ಕುರ್ಚಿ ತೋರಿಸಿದೆ.

"ಅದು ಬೀಳಗಿಯಿಂದ ಹೊಳ್ಳಿ ಬರೂಮುಂದ ಅವ್ವಗ."

ಮೂರು ಕುರ್ಚಿಗಳ ಒಡೆಯನಾದ ನಾನು ಕಟ್ಟೆಯ ಕಂಬ ಹಿಡಿದುಕೊಂಡು ಬೀಳಗಿಯವರೆಗೂ ನಿಂತೇ ಹೋದೆ.