ಸಾಹೇಬರಿಗೆ ಕೊಟ್ಟ ಕವಳ

ನಿಲ್ಕುಂದದ ಜಟ್ಟಪ್ಪ ನಾಯ್ಕನಿಗೆ ಬದುಕಿನಲ್ಲಿ ಎರಡು ವಿಷಯಗಳ ಬಗ್ಗೆ ಗೊಂದಲವೇ ಇರಲಿಲ್ಲ. ಹೆಂಡತಿ ದುರ್ಗಮ್ಮ ಹೇಳಿದ್ದು ಕೊನೆಗೆ ಸರಿ ಎಂದಾಗುತ್ತದೆ. ಕರ್ನಲ್ ಸಾಹೇಬರು ಹೇಳಿದ್ದು ಮೊದಲಿಗೇ ಸರಿಯಾಗಿರುತ್ತದೆ. ಸೈನ್ಯ ಸೇರಿದ ಹೊಸತರಲ್ಲಿ ಅವನು ಸಾಹೇಬರ ಸಹಾಯಕನಾಗಿದ್ದ. ಅವರ ಬೂಟಿಗೆ ಪಾಲಿಶು ಹಾಕಿ ಬೆಳಗಾಗುವುದರೊಳಗೆ ಬಾಗಿಲಲ್ಲಿ ಜೋಡಿಸಿಡುವುದೇ ಅವನ ಮೊದಲ ನೌಕರಿ. ಹವಾಲ್ದಾರನಾಗಿ ನಿವೃತ್ತನಾಗಿ ಊರಿಗೆ ಬಂದ ಮೇಲೆ ದನ ಕಟ್ಟಿ, ಗದ್ದೆ ಮಾಡಿಕೊಂಡು ಇದ್ದ.

ಟೀವಿಯಲ್ಲಿ ಗಡಿಯ ಸುದ್ದಿ ಬಂತೆಂದರೆ ಊರವರು ಅವನ ಜಗುಲಿಗೆ ಬರುತ್ತಿದ್ದರು. ಜಟ್ಟಪ್ಪ ಗಂಭೀರವಾಗಿ ತಲೆಯಾಡಿಸಿ, “ಅದನ್ನೆಲ್ಲ ಹೊರಗೆ ಹೇಳೂಕಾಗ” ಎನ್ನುತ್ತಿದ್ದ. ಗೊತ್ತಿಲ್ಲದಿದ್ದಾಗ ಮಾತ್ರ ಅವನು ಹಾಗೆನ್ನುತ್ತಾನೆ ಎಂಬುದು ದುರ್ಗಮ್ಮನಿಗೆ ಗೊತ್ತಿತ್ತು. ಅವಳು ಬಾಯಿ ಬಿಡುತ್ತಿರಲಿಲ್ಲ. ಗಂಡನ ಮರ್ಯಾದೆಯ ಪ್ರಶ್ನೆ, ಪಾಪ.

ಒಂದು ದಿನ ಅಂಗಳಕ್ಕೆ ದೊಡ್ಡ ಕಾರು ಬಂದು ನಿಂತಿತು. ಮುಂದಿನ ಬಾಗಿಲಿನಿಂದ ಇಳಿದವರು ಕರ್ನಲ್ ಸಾಹೇಬರು. ತಲೆ ಪೂರ್ತಿ ಬೆಳ್ಳಗಾಗಿತ್ತು, ನಡಿಗೆ ಮಾತ್ರ ಅದೇ. ಹಿಂದಿನಿಂದ ಆಳುವ ಪಕ್ಷದ ಮುಖಂಡರೊಬ್ಬರು, ಟೈ ಕಟ್ಟಿದ ಕಂಪನಿಯವನೊಬ್ಬ ಇಳಿದರು. ಜಟ್ಟಪ್ಪನಿಗೆ ಅವರಿಬ್ಬರೂ ಕಾಣಲೇ ಇಲ್ಲ. ಕೈ ತಾನಾಗಿ ಸೆಲ್ಯೂಟಿಗೆ ಏರಿತು, ಕಣ್ಣು ತುಂಬಿತು, ತಲೆ ಕೆಟ್ಟಿತು.

ತಲೆ ಕೆಟ್ಟಿತು ಎಂದು ಸುಮ್ಮನೆ ಹೇಳುತ್ತಿಲ್ಲ. ಜಟ್ಟಪ್ಪನ ಕೇರಿಯಲ್ಲಿ ಬಂದವರಿಗೆ ಮೊದಲು ನೀರು ಬೆಲ್ಲ ಕೊಡಬೇಕು. ಕವಳ, ಅಂದರೆ ಎಲೆ ಅಡಕೆ, ಮಾತು ಮುಗಿದ ಮೇಲೆ. ಅದರಲ್ಲೂ ಊರಿನ ವ್ಯವಹಾರ ಮಾತಾಡಲು ಬಂದವರ ಮುಂದೆ ಮನೆಯ ಯಜಮಾನ ಕವಳದ ಬಟ್ಟಲು ಹಿಡಿದರೆ ಒಪ್ಪಿಗೆ ಆಯಿತೆಂದೇ ಲೆಕ್ಕ. ಜಟ್ಟಪ್ಪ ಸಂಭ್ರಮದಲ್ಲಿ ಒಳಗೆ ಓಡಿ, ಕೈಗೆ ಸಿಕ್ಕ ಕವಳದ ಬಟ್ಟಲನ್ನೇ ತಂದು ಎರಡೂ ಕೈಯಲ್ಲಿ ಸಾಹೇಬರ ಮುಂದೆ ಹಿಡಿದ. ಕವಳ ಹಾಕದ ಸಾಹೇಬರು ಅವನ ಮನಸ್ಸು ನೋಯಬಾರದೆಂದು ಒಂದು ಹೋಳು ಎತ್ತಿಕೊಂಡರು. ಕಂಪನಿಯವನು ಫೋಟೋ ಹೊಡೆದ.

ಆಮೇಲೆ ಮಾತು ಶುರುವಾಯಿತು. ಊರಿನ ಸೊಪ್ಪಿನ ಬೆಟ್ಟ ಕಂಪನಿಗೆ ಬೇಕಂತೆ, ಗುಂಡು ಮದ್ದು ಪರೀಕ್ಷೆ ಮಾಡಲು. ಊರವರು ಕೊಟ್ಟಿಗೆಗೆ ಸೊಪ್ಪು ತರುವುದೂ ದನ ಬಿಡುವುದೂ ಅದೇ ಬೆಟ್ಟದಲ್ಲಿ. ದೇಶ ಸೈನ್ಯಕ್ಕೆ ಹಿಂದೆಂದೂ ಇಲ್ಲದಷ್ಟು ಖರ್ಚು ಮಾಡುತ್ತಿದೆ, ಅದರಲ್ಲಿ ನಮ್ಮ ತಾಲೂಕಿಗೂ ಪಾಲು ಬೇಡವೇ ಎಂದು ಮುಖಂಡರು ಕೇಳಿದರು. ಸಿದ್ದಾಪುರದಲ್ಲಿ ಸಭೆ ಇದೆ, ಮಾಜಿ ಸೈನಿಕ ಎದ್ದು ನಿಂತು ‘ಊರು ಒಪ್ಪಿದೆ’ ಎಂದರೆ ಆಯಿತು ಎಂದರು. ಸಾಹೇಬರು ಈಗ ಕಂಪನಿಯ ಸಲಹೆಗಾರರು. “ಒಳ್ಳೆ ಕಂಪನಿ, ಜಟ್ಟಪ್ಪ” ಎಂದರು, ಅಂಗಳದ ಕಡೆ ನೋಡುತ್ತ.

ಕಾರು ಹೋದ ಮೇಲೆ, ಸಾಹೇಬರು ಕೊಟ್ಟುಹೋದ ಬಣ್ಣದ ಹಾಳೆಯನ್ನು ಜಟ್ಟಪ್ಪ ನೋಡಿದ. ಕಂಪನಿಯ ಹೆಸರು ಹೊಸದು. ಕೆಳಗಿದ್ದ ರೆಕ್ಕೆ ಬಿಚ್ಚಿದ ಹದ್ದು ಮಾತ್ರ ಹಳೆಯದು. ಹಿಮದ ಪೋಸ್ಟಿನಲ್ಲಿ ಅಟ್ಟೆ ಕಿತ್ತು ಬಾಯಿ ಬಿಟ್ಟ ಬೂಟುಗಳ ಅಡಿಯಲ್ಲಿ ಇದ್ದದ್ದು ಇದೇ ಹದ್ದು. ಆ ಬೂಟಿನಿಂದಲೇ ಜೊತೆಯ ಸಿಪಾಯಿ, ಬನವಾಸಿಯ ರಾಘು, ಎಡಗಾಲಿನ ಬೆರಳುಗಳನ್ನು ಹಿಮಕ್ಕೆ ಕಳೆದುಕೊಂಡದ್ದು.

“ಮಾತು ಕೇಳೂಕೆ ಮುಂಚೆ ಕವಳ ಕೊಟ್ರಾ? ಎಂತ ಮಾಡಿದ್ರಿ ನೀವು!” ದುರ್ಗಮ್ಮ ತಲೆ ಚಚ್ಚಿಕೊಂಡಳು. ಅಷ್ಟರಲ್ಲಿ ಫೋಟೋ ಊರವರ ಮೊಬೈಲಿಗೆಲ್ಲ ಬಂದಿತ್ತು. ಜಟ್ಟಪ್ಪ ಕವಳ ಕೊಟ್ಟನಂತೆ, ಬೆಟ್ಟ ಹೋಯಿತಂತೆ. ಪಕ್ಕದ ಮನೆಯ ದೇವಕ್ಕ ಬೇಲಿಯಾಚೆಯಿಂದ ಮುಖ ತಿರುಗಿಸಿದಳು.

ಮರುದಿನ ಅವನು ಬಸ್ಸು ಹತ್ತಿ ಬನವಾಸಿಗೆ ಹೋದ. ಅನಾನಸ್ ಗಿಡಗಳ ಸಾಲಿನಲ್ಲಿ ಕುಂಟುತ್ತ ಬಂದ ರಾಘು ಎಲ್ಲ ಕೇಳಿ ಬೈಯಬಹುದೆಂದು ಜಟ್ಟಪ್ಪ ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಸಾಹೇಬ್ರು ಆರಾಮ ಅದಾರೇನಣ್ಣಾ?” ಎಂದ ರಾಘು.

“ಅಲ್ಲ ಮಾರಾಯಾ, ನಿಂಗೆ ಸಿಟ್ಟು ಬರೂದಿಲ್ವಾ?”

“ಯಾರ ಮ್ಯಾಲ ಬರಬೇಕು? ಆವತ್ತ ನನ್ನ ಬೆನ್ನ ಮ್ಯಾಲ ಹೊತ್ಕೊಂಡು ಇಳಿದವರು ಅವರ. ದಿಲ್ಲಿಯಿಂದ ಬಂದವರ ಮುಂದ ಆ ಬೂಟ ಟೇಬಲ್ಲಿಗೆ ಒಗದು, ನೀವು ಹಾಕ್ಕೊಂಡು ನಡೀರಿ ಅಂದವರೂ ಅವರ.”

ಜಟ್ಟಪ್ಪನಿಗೆ ಇನ್ನಷ್ಟು ಗೋಜಲಾಯಿತು. ಸಾಹೇಬರು ಕೆಟ್ಟವರಾಗಿದ್ದರೆ ಕೆಲಸ ಸುಲಭವಿತ್ತು. ಬೂಟು ಎಸೆದ ಕೈಯೂ ಕಂಪನಿಯ ಹಾಳೆ ಕೊಟ್ಟ ಕೈಯೂ ಒಂದೇ. ಸೈನ್ಯಕ್ಕೆ ಅಷ್ಟೊಂದು ಖರ್ಚಾಗುತ್ತದಲ್ಲ, ಹಾಗಾದರೆ ರಾಘುವಿನ ಕಾಲಿಗೆ ಒಂದು ನೆಟ್ಟಗಿನ ಬೂಟು ಯಾಕೆ ಬರಲಿಲ್ಲ? ಬಸ್ಸಿನಲ್ಲಿ ಇಡೀ ದಾರಿ ಯೋಚಿಸಿದ.

ಸಭೆ ನಡೆದದ್ದು ದೇವಸ್ಥಾನದ ಸಭಾಭವನದಲ್ಲಿ. ಚಪ್ಪಲಿ ಬೂಟು ಎಲ್ಲರದ್ದೂ ಹೊರಗೆ. ಜಟ್ಟಪ್ಪ ಪದಕಗಳನ್ನು ಹಚ್ಚಿಕೊಂಡು ಬಂದಿದ್ದ. ವೇದಿಕೆ ನೋಡಿ ಬೆಪ್ಪಾದ. ಚುನಾವಣೆಯಲ್ಲಿ ಒಬ್ಬರನ್ನೊಬ್ಬರು ಕಳ್ಳ ಎಂದು ಕೂಗಿದ್ದ ಎರಡೂ ಪಕ್ಷದ ಮುಖಂಡರು ಅಕ್ಕಪಕ್ಕ ಕೂತು ಗೋಡಂಬಿ ತಿನ್ನುತ್ತಿದ್ದರು. ಇಬ್ಬರ ತಲೆಯ ಮೇಲೂ ಅದೇ ಹದ್ದಿನ ಬ್ಯಾನರು, ಪಕ್ಕದಲ್ಲಿ ಸಾಹೇಬರು. ಕೆಳಗೆ ಮುಂದಿನ ಸಾಲಿನಲ್ಲಿ, ಜಟ್ಟಪ್ಪ ಕರೆದನೆಂದು ಬಂದ ರಾಘು ಬರಿಗಾಲನ್ನು ಚಾಚಿಕೊಂಡು ಕೂತಿದ್ದ.

ಜಟ್ಟಪ್ಪನ ಹೆಸರು ಕರೆದರು. ಅವನು ಮೈಕಿನ ಮುಂದೆ ನಿಂತು ಬೆವರಿದ.

“ಕವಳ ಕೊಟ್ಟಿದ್ದು ಹೌದು. ಸಾಹೇಬ್ರಿಗೆ ಕೊಟ್ಟಿದ್ದು. ಕಂಪನಿಗೆ ಅಲ್ಲ” ಎಂದ.

ಆಳುವ ಪಕ್ಷದ ಮುಖಂಡರ ಮುಖ ಬಿಗಿಯಿತು. “ಅಂದರೆ? ಸೈನಿಕರಾಗಿ ಸೈನ್ಯಕ್ಕೆ ವಿರೋಧವಾ ನೀವು?”

ಅದೇ ಪ್ರಶ್ನೆ ಅವನನ್ನು ತಿನ್ನುತ್ತಿದ್ದದ್ದು. ಜಟ್ಟಪ್ಪ ಸಾಹೇಬರ ಕಡೆ ತಿರುಗಿದ. “ನಂಗೆ ಗೊತ್ತಾಗ್ತಿಲ್ಲೆ ಸಾಹೇಬ್. ನೀವೇ ಹೇಳಿ. ನಿಮ್ಮ ಮಾತು ನಾ ಯಾವತ್ತೂ ಮೀರಿದವನಲ್ಲ.”

ಸಾಹೇಬರು ಎದ್ದರು. ವೇದಿಕೆ ಇಳಿದು ರಾಘುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಮೊಂಡು ಪಾದದ ಮೇಲೆ ಕೈಯಿಟ್ಟರು.

“ಚಳಿಗೆ ನೋಯುತ್ತಾ?”

“ನೋಯ್ತದ್ರಿ ಸಾಹೇಬ್ರ.”

ಸಾಹೇಬರು ನಿಧಾನವಾಗಿ ಮೆಟ್ಟಿಲು ಹತ್ತಿ, ಹದ್ದಿನ ಬ್ಯಾನರಿನ ಕೆಳಗೆ ನಿಂತು, ಮೈಕು ಹಿಡಿದು, “ಕಂಪನಿ ಒಳ್ಳೆಯದು. ಒಪ್ಪಿಕೊಳ್ಳಿ” ಎಂದರು.

ಜಟ್ಟಪ್ಪನ ಹಿಮ್ಮಡಿಗಳು ಕೂಡಿಕೊಂಡವು. ಬಲಗೈ ಸೆಲ್ಯೂಟಿಗೆ ಏರಿತು. ಹಾಗೆ ನಿಂತೇ ಅವನು, “ಇಲ್ಲೆ ಸಾಹೇಬ್, ಒಪ್ಪೂಕಾಗ” ಎಂದ. ತನ್ನ ಬಾಯಿಂದ ಬಂದ ಮಾತಿಗೆ ತಾನೇ ಹೆದರಿದ. ಸಭೆಯಲ್ಲಿ ಗದ್ದಲವೆದ್ದಿತು. ಬೆಟ್ಟದ ಮಾತು ಮುಂದಕ್ಕೆ ಹೋಯಿತು. ಇನ್ನೊಂದು ಸಭೆ ಆಗಬಹುದು, ಇನ್ನೊಬ್ಬ ಮಾಜಿ ಸೈನಿಕ ಸಿಗಬಹುದು. ಯಾರಿಗೆ ಗೊತ್ತು.

ಹೊರಗೆ ಚಪ್ಪಲಿಗಳ ರಾಶಿಯಲ್ಲಿ ಸಾಹೇಬರು ತಮ್ಮ ಬೂಟು ಹುಡುಕುತ್ತಿದ್ದರು. ಜಟ್ಟಪ್ಪನಿಗೆ ನೋಡಲಾಗಲಿಲ್ಲ. ಹೋಗಿ, ಬಗ್ಗಿ, ಒಂದೊಂದೇ ಎತ್ತಿ, ಧೂಳು ಒರೆಸಿ ಅವರ ಮುಂದೆ ಜೋಡಿಸಿಟ್ಟ. ಇಡುವಾಗ ಹಳೆಯ ಅಭ್ಯಾಸದಂತೆ ಅಟ್ಟೆ ತಿರುಗಿಸಿ ನೋಡಿದ.

ಹದ್ದು ಇರಲಿಲ್ಲ. ಯಾವುದೋ ಪರದೇಶದ ಬೂಟು, ಗಟ್ಟಿಯಾಗಿತ್ತು.

ಸಾಹೇಬರು ಅವನು ನೋಡಿದ್ದನ್ನು ನೋಡಿದರು. ಬೂಟು ಹಾಕಿಕೊಂಡರು. ಲೇಸು ಕಟ್ಟಲು ಬಗ್ಗಿದರು. ಜಟ್ಟಪ್ಪ ಕಟ್ಟಿಕೊಟ್ಟ.