ಟವಲ್ಲಿನಡಿಯ ಎರಡು ಬೆರಳು

ನಮ್ಮ ಕಡೆ ಈ ಕತೆಯನ್ನು ಎಲ್ಲರೂ ಒಂದೇ ಥರ ಹೇಳುತ್ತಾರೆ. ಕೆ.ಆರ್. ಪೇಟೆಯ ಲಾರಿ ಮಾಲೀಕನೊಬ್ಬ ಕಿರಂಗೂರಿನ ಹತ್ತಿರ ರಸ್ತೆ ಬದಿಯ ಸೈಟು ಮಾರಿದ, ಕೈಗೆ ದುಡ್ಡು ಬಂತು, ತಲೆ ತಿರುಗಿತು, ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು ತಂದ, ಓಡಿಸಲು ಬರದೆ ಶೆಡ್ಡಿನಲ್ಲಿ ಮುಚ್ಚಿಟ್ಟ. ಹೇಳಿ ಮುಗಿಸಿದ ಮೇಲೆ ಒಂದು ನಗು ಕಡ್ಡಾಯ. ಹೊಣಕೆರೆಯ ನಮ್ಮ ಮನೆಯ ಜಗಲಿಯ ಮೇಲೆ ನಮ್ಮ ನೆಂಟರೇ ಕೂತು, ನಾನು ಒಳಗಿರುವುದು ಗೊತ್ತಿದ್ದೂ, ಹೀಗೇ ಹೇಳಿ ಹೀಗೇ ನಕ್ಕಿದ್ದಾರೆ.

ಆ ಲಾರಿ ಮಾಲೀಕ ನನ್ನ ಸೋದರಮಾವ. ಸೈಟು ಮಾರಿದ್ದು ನಿಜ, ಕಾರು ತಂದದ್ದು ನಿಜ, ಶೆಡ್ಡಿನಲ್ಲಿ ಮುಚ್ಚಿಟ್ಟದ್ದೂ ನಿಜ. ಆದರೆ ‘ಓಡಿಸಲು ಬರದೆ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೂವತ್ತು ವರ್ಷ ಲಾರಿ ಓಡಿಸಿದವನು, ಮಾಕವಳ್ಳಿಯ ಫ್ಯಾಕ್ಟರಿ ಗೇಟಿಗೆ ತಲೆಯೆತ್ತರ ಕಬ್ಬು ಹೇರಿಕೊಂಡು ಹಿಮ್ಮುಖವಾಗಿ ಗಾಡಿ ನುಗ್ಗಿಸುತ್ತಿದ್ದವನು, ಒಂದು ಪುಟ್ಟ ಕಾರಿನ ಮುಂದೆ ಸೋತ ಅಂದರೆ, ಅದು ಹೇಗೆ ಅಂತ ಒಬ್ಬರಾದರೂ ಕೇಳಬೇಕಿತ್ತಲ್ಲ? ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ನನ್ನ ಬಾಗಿಲಿಗೆ ಬರುತ್ತಿತ್ತು.

ಮೊದಲು ಟವಲ್ಲಿನ ವಿಷಯ ಹೇಳಬೇಕು. ನನ್ನ ತಾಯಿಯ ತಂದೆ ದನದ ದಲ್ಲಾಳಿ. ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಅವರಲ್ಲಿ ಇರಲಿಲ್ಲ. ಕೊಳ್ಳುವವನು, ಮಾರುವವನು ಕೈಗೆ ಕೈ ಕೊಟ್ಟು ಮೇಲೆ ಟವಲ್ ಮುಚ್ಚಿ, ಬೆರಳು ಹಿಡಿದು ಬೆಲೆ ಕೇಳುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು. ಅದು ನೂರೋ, ಸಾವಿರವೋ ಅನ್ನುವುದು ಎದುರು ನಿಂತ ಎತ್ತನ್ನು ನೋಡಿದರೆ ತಾನೇ ಗೊತ್ತಾಗುತ್ತದೆ. ಸುತ್ತ ನಿಂತವರಿಗೆ ಟವಲ್ ಅಲ್ಲಾಡುವುದಷ್ಟೇ ಕಾಣುವುದು. ಮಾವ ಇದನ್ನು ತಾತನಿಂದ ಕಲಿತ, ನಾನು ಚಿಕ್ಕವಳಿದ್ದಾಗ ನನಗೆ ಕಲಿಸಿದ. ಅಂಗಡಿಯಲ್ಲಿ ಬಿಸ್ಕತ್ತು ಎಷ್ಟು ಬೇಕು ಅನ್ನುವುದನ್ನೂ ನಾವಿಬ್ಬರೂ ಟವಲ್ ಮುಚ್ಚಿಯೇ ತೀರ್ಮಾನಿಸುತ್ತಿದ್ದೆವು. ಜೊತೆಗೆ ಒಂದು ಕಟ್ಟಳೆಯನ್ನೂ ಹೇಳಿಕೊಟ್ಟಿದ್ದ: ಟವಲ್ಲಿನ ಒಳಗೆ ಆದ ಮಾತನ್ನು ಆಮೇಲೆ ಹೊರಗೆ ಆಡಬಾರದು.

ನಾನು ಬೆಳೆದು ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ಹೋದೆ, ಕಾನೂನು ಓದಿದೆ, ಶ್ರೀರಂಗಪಟ್ಟಣದಲ್ಲಿ ಹಿರಿಯ ವಕೀಲರೊಬ್ಬರ ಆಫೀಸು ಸೇರಿದೆ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಎದುರಿನವರ ವಾದದಲ್ಲಿ ಬಿರುಕು ಎಲ್ಲಿದೆ ಎಂದು ಹುಡುಕುವುದು ಒಂದೇ ನನಗೆ ಬರುತ್ತಿದ್ದ ವಿದ್ಯೆ. ಆದ್ದರಿಂದಲೇ ಸೈಟು ಮಾರಿದ ವರ್ಷ ದಸರೆಯ ಸುಮಾರಿಗೆ ಮಾವ ಫೋನು ಮಾಡಿ, ಕಾರು ಬುಕ್ ಮಾಡಲು ಬೆಂಗಳೂರಿಗೆ ಹೋಗುತ್ತಿದ್ದೇವೆ, ರೇಟು ಮಾತಾಡಲು ನೀನು ಬರಬೇಕು ಎಂದ. ಯಾಕೆ ಮಾವ ಈ ವಯಸ್ಸಿನಲ್ಲಿ ಸ್ಪೋರ್ಟ್ಸ್ ಕಾರು ಅಂತ ಕೇಳಿದೆ.

“ಮೂವತ್ತು ವರ್ಸ ಎತ್ತರದಲ್ಲಿ ಕುಂತ್ಕಂಡು ರೋಡ್ ನೋಡಿವ್ನಿ ಕಣಮ್ಮಿ. ಒಂದ್ಸಲ ನೆಲಕ್ಕೆ ಅಂಟ್ಕಂಡಂಗೆ ಕುಂತು ಓಡಿಸ್ಬೇಕು. ಅಷ್ಟೆಯ.”

ಹುಡುಗನಾಗಿದ್ದಾಗ ಮಾವ ಎತ್ತಿನ ಗಾಡಿ ಓಟದಲ್ಲಿ ಗಾಡಿ ಹೊಡೆದವನು. ನೆಲ ಕಾಲ ಕೆಳಗೇ ಓಡುವ ಸುಖ ಏನೆಂದು ಅವನಿಗೆ ಗೊತ್ತಿತ್ತು. ನಾನು ಒಪ್ಪಿದೆ.

ಮಾವ, ಅತ್ತೆ ಬಂದ ಕಾರನ್ನು ಶ್ರೀರಂಗಪಟ್ಟಣದಲ್ಲಿ ಹತ್ತಿದೆ. ಮಾವ ಓಡಿಸುತ್ತಿರಲಿಲ್ಲ, ಡ್ರೈವರ್ ಇದ್ದ. ಮಾವ ಮಂಡಿ ನೋವು ಅಂದ. ಶೋರೂಮಿನ ಹೊಳೆಯುವ ನೆಲದ ಮೇಲೆ ಅವನ ಎಡಗಾಲಿನ ಚಪ್ಪಲಿ ಎರಡು ಸಲ ಜಾರಿ ಹಿಂದೆ ಉಳಿಯಿತು. ಎರಡನೇ ಸಲ ಅತ್ತೆ ಬಗ್ಗಿ ಎತ್ತಿಕೊಟ್ಟಾಗ, ಲಾಳ ಕಳಚಿದ ಎತ್ತು ಕಣಮ್ಮಿ ನಾನು ಅಂತ ನಕ್ಕ. ಅತ್ತೆಯೂ ನಕ್ಕಳು, ನಾನೂ ನಕ್ಕೆ. ಎದುರು ಪಕ್ಷದ ಮಾತಿನಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಹಿಡಿಯುವವಳು, ಡ್ರೈವರನ್ನೂ ಚಪ್ಪಲಿಯನ್ನೂ ನೋಡಿ ಏನೂ ಕೇಳಲಿಲ್ಲ.

ಸೇಲ್ಸಿನ ಯುವಕ ದೊಡ್ಡ ಟಿವಿಯಂಥ ಪರದೆಯ ಮೇಲೆ ಕಾರನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದ. ಬಣ್ಣ ಯಾವುದು, ಚಕ್ರ ಯಾವುದು, ಸೀಟಿನ ಹೊಲಿಗೆಯ ದಾರ ಯಾವುದು, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ಪ್ರತಿ ಆಯ್ಕೆಗೂ ಬೇರೆ ಬೆಲೆ. ಮಾವ ಎಲ್ಲವನ್ನೂ ಎತ್ತು ನೋಡುವ ಕಣ್ಣಲ್ಲೇ ನೋಡಿದ. ಬಣ್ಣಕ್ಕೆ ಹಳ್ಳಿಕಾರ್ ಎತ್ತಿನ ಬೂದು ಆರಿಸಿದ. ಚಕ್ರ ಕಪ್ಪು, ಯಾಕೆಂದರೆ ಗೊರಸು ಕಪ್ಪಗಿರಬೇಕು. ದುಬಾರಿ ಸ್ಪೀಕರುಗಳನ್ನು ತೋರಿಸಿದಾಗ ಮಾತ್ರ ಅತ್ತೆ ಅಡ್ಡ ಬಂದಳು. ಮನೆಯಲ್ಲಿ ನನ್ನ ಮಾತು ಕೇಳಲು ಕಿವಿ ಇಲ್ಲದವರಿಗೆ ಅದು ಬೇರೆ ಕೇಡು ಎಂದಳು. ಯುವಕ ಸ್ಪೀಕರನ್ನು ತೆಗೆದುಹಾಕಿದ.

ಆಮೇಲೆ ಗೇರಿನ ಪ್ರಶ್ನೆ ಬಂತು. ಯುವಕ ಬಲಗೈಯ ಎರಡು ಬೆರಳೆತ್ತಿ, “ಆಟೋಮ್ಯಾಟಿಕ್‌ಗೆ ಎರಡೇ ಪೆಡಲ್ ಸರ್, ಎಡಗಾಲಿಗೆ ಕೆಲಸಾನೇ ಇಲ್ಲ” ಅಂದ. ಇನ್ನೊಂದು ಬೆರಳು ಸೇರಿಸಿ, “ಮ್ಯಾನ್ಯುಯಲ್‌ಗೆ ಮೂರು” ಅಂದ. ಆಟೋಮ್ಯಾಟಿಕ್‌ನ ಬೆಲೆ ಸಾಕಷ್ಟು ಹೆಚ್ಚಿತ್ತು.

ಮಾವ ತಡಮಾಡಲಿಲ್ಲ. “ಎಲ್ಡ್ ಪೆಡ್ಲುದೇ ಇರ್ಲಿ.”

ಇಲ್ಲಿ ನಾನು ಬಾಯಿ ಹಾಕಿದೆ. ಬೆಲೆ ಹೆಚ್ಚು, ಕೆಟ್ಟರೆ ರಿಪೇರಿ ಹೆಚ್ಚು ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸದೆ, ನನಗೇ ಹೆಮ್ಮೆಯಾದ ಒಂದು ಮಾತು ಆಡಿದೆ. “ತಾನೇ ಗೇರ್ ಹಾಕ್ಕೊಳೋ ಗಾಡಿ ನಿಂಗ್ಯಾಕ್ ಮಾವ? ಓಟದ ಎತ್ತು ತಂದು, ಹಗ್ಗ ಇನ್ನೊಬ್ರ ಕೈಗೆ ಕೊಟ್ಟಂಗೆ.”

ಅತ್ತೆ ಗಟ್ಟಿಯಾಗಿ ನಕ್ಕು, ಸರಿಯಾಗೇ ಕೊಟ್ಟಳು ನೋಡಿ ನಿಮ್ಮ ಸೊಸೆ ಅಂದಳು. ಮಾವ ನನ್ನನ್ನು ಒಂದು ಗಳಿಗೆ ನೋಡಿದ. “ಮಾತಲ್ಲಿ ನಿನ್ನ ಗೆಲ್ಲಕ್ಕಾಯ್ತದಾ, ಬುಡು” ಅಂದ. ಹೌದು ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿದೆ.

ರೇಟು ಮಾತಾಡಲು ಸೋಫಾಕ್ಕೆ ಬಂದು ಕೂತೆವು. ಯುವಕ ಇನ್ಶೂರೆನ್ಸಿನಲ್ಲಿ ಸ್ವಲ್ಪ ಬಿಟ್ಟ, ಕೆಲವು ಬಿಡಿ ಸಾಮಾನು ಪುಕ್ಕಟೆ ಕೊಡುತ್ತೇನೆಂದ. ನಾನು ಪುಕ್ಕಟೆ ಸಾಮಾನು ಬೇಡ, ಬೆಲೆಯಲ್ಲಿ ಬಿಡಿ ಎಂದು ಪಟ್ಟು ಹಿಡಿದೆ. ಮಾತು ಬಿಸಿಯಾದಾಗ ಪಕ್ಕದಲ್ಲಿದ್ದ ಮಾವ ಹೆಗಲ ಟವಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಕಿದ. ಎಷ್ಟೋ ವರ್ಷದ ಮೇಲೆ. ನನಗೆ ನಗು ಬಂತು. ಟವಲ್ಲಿನಡಿಯಲ್ಲಿ ಅವನು ನನ್ನ ಎರಡು ಬೆರಳು ಹಿಡಿದ.

ಎರಡು. ಎದುರಿಗಿದ್ದದ್ದು ಲಕ್ಷಗಳ ವ್ಯಾಪಾರ. ನಾನು ಯುವಕನಿಗೆ, ಎರಡು ಲಕ್ಷ ಬಿಟ್ಟರೆ ಇವತ್ತೇ ಬುಕಿಂಗ್ ಎಂದೆ.

ಅವನು ಒಳಗೆ ಮ್ಯಾನೇಜರ್ ಹತ್ತಿರ ಹೋಗಿ ಬಂದ. ಆಟೋಮ್ಯಾಟಿಕ್‌ನಲ್ಲಿ ಅಷ್ಟು ಬಿಡುವುದು ಆಗದ ಮಾತು. ಆದರೆ ಯಾರೋ ಬುಕ್ ಮಾಡಿ ಬೇಡವೆಂದ ಒಂದು ಮ್ಯಾನ್ಯುಯಲ್ ಗಾಡಿ ಇದೆ, ಅದೇ ಬೂದು, ಅದೇ ಕಪ್ಪು ಚಕ್ರ. ಅದರಲ್ಲಾದರೆ ಎರಡು ಲಕ್ಷ ಬಿಡಬಹುದು, ದೀಪಾವಳಿಗೆ ಮನೆಗೆ ಬರುತ್ತದೆ ಎಂದ. ನಾನು ಮಾವನ ಕಡೆ ತಿರುಗಿದೆ. ಟವಲ್ಲಿನಡಿಯಲ್ಲಿ ಅವನು ಮತ್ತೆ ಅವೇ ಎರಡು ಬೆರಳು ಹಿಡಿದ. ಈ ಸಲ ಜೋರಾಗಿ. ಬೆರಳಿನ ಗೆಣ್ಣು ನೋಯುವಷ್ಟು.

ವ್ಯಾಪಾರ ಕುದುರಿತು, ಬಿಡಬೇಡ ಎನ್ನುತ್ತಿದ್ದಾನೆ ಎಂದುಕೊಂಡೆ. “ಆಯ್ತು” ಎಂದೆ. ಯುವಕ ಕೈ ಕುಲುಕಿದ. ಮಾವ ಟವಲ್ ತೆಗೆದು ಮಡಚಿ ಹೆಗಲಿಗೆ ಹಾಕಿಕೊಂಡ.

ವಾಪಸು ಬರುವಾಗ ಅತ್ತೆ ದಾರಿಯುದ್ದಕ್ಕೂ ಫೋನು ಹಚ್ಚಿ, ನಾನು ಹೇಗೆ ಎರಡು ಲಕ್ಷ ಕಿತ್ತೆ ಎಂದು ಒಬ್ಬೊಬ್ಬರಿಗೂ ಹೇಳಿದಳು. ಮಾವ ಕಿಟಕಿಯಾಚೆ ನೋಡುತ್ತಿದ್ದ. ಶ್ರೀರಂಗಪಟ್ಟಣದಲ್ಲಿ ನಾನು ಇಳಿಯುವಾಗ, “ಗೆದ್ಬುಟ್ಟೆ ಬುಡಮ್ಮಿ” ಅಂದ. ನಾನು ಅದನ್ನೂ ಹೊಗಳಿಕೆ ಎಂದೇ ತೆಗೆದುಕೊಂಡೆ.

ಕಾರು ಬಂತು. ಕೆ.ಆರ್. ಪೇಟೆಯ ಮನೆಯ ಮುಂದೆ ಅರ್ಧ ಬೀದಿ ಸೇರಿತ್ತು. ಪೂಜೆಯಾಯಿತು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಮಾವ ಒಳಗೆ ಕೂತು, ಎಡ ತೊಡೆಯನ್ನು ಎರಡೂ ಕೈಯಲ್ಲಿ ಎತ್ತಿ ಪಾದವನ್ನು ಕ್ಲಚ್ಚಿನ ಮೇಲೆ ಇಟ್ಟ. ಬಾಗಿಲ ಹತ್ತಿರ ನಿಂತ ನನಗೆ ಅದು ಕಂಡಿತು. ಗಾಡಿ ಒಂದು ಜರ್ಕು ಹೊಡೆದು ನಿಂತಿತು. ಮತ್ತೆ ಸ್ಟಾರ್ಟು, ಮತ್ತೆ ಜರ್ಕು. ಮೂರು ಸಲ. ನಿಂಬೆಹಣ್ಣು ಒಡೆಯಲೇ ಇಲ್ಲ. ಹಿಂದಿನಿಂದ ಯಾರೋ, “ಲಾರಿ ಅಲ್ಲ ಕಣಣ್ಣ ಅದು, ಮೆಲ್ಲುಕ್ ಮುಟ್ಟು” ಅಂದರು. ಜನ ನಕ್ಕರು. ಮಾವನೂ ನಗುತ್ತಾ ಇಳಿದು, ನಮ್ಮ ರೋಡಿಗೆ ಇದು ಸರಿಹೋಗಲ್ಲ ಎಂದ. ಊರಿನ ಕತೆ ಹುಟ್ಟಿದ್ದು ಆ ಗಳಿಗೆಯಲ್ಲಿ.

ಅತ್ತೆ ಮಾತ್ರ ನಗಲಿಲ್ಲ. ಎರಡೇ ದಿನದಲ್ಲಿ ಅವನನ್ನು ಮೈಸೂರಿನ ಆಸ್ಪತ್ರೆಗೆ ಹೊರಡಿಸಿದಳು, ನಾನೂ ಹೋದೆ. ನರದ ಕಾಯಿಲೆ, ಎಡಗಾಲು ಇನ್ನು ಹಳೆಯ ಬಲಕ್ಕೆ ಬರುವುದಿಲ್ಲ, ಬಲಗಾಲು ಸದ್ಯಕ್ಕೆ ಚೆನ್ನಾಗಿದೆ, ಮುಂದೆ ನೋಡಬೇಕು ಎಂದರು ಡಾಕ್ಟರು. ಯಾವಾಗಿನಿಂದ ಹೀಗೆ ಎಂದು ಕೇಳಿದರು. ಮಾವ ನಮ್ಮಿಬ್ಬರನ್ನೂ ನೋಡದೆ, ಯುಗಾದಿಯಿಂದ ಎಂದ. ಯುಗಾದಿ ಕಳೆದು ಆರು ತಿಂಗಳಿಗೆ ನಾವು ಶೋರೂಮಿಗೆ ಹೋಗಿದ್ದು.

ಹೊರಡುವ ಮುಂಚೆ ಮಾವ ಡಾಕ್ಟರಿಗೆ ಒಂದೇ ಒಂದು ಪ್ರಶ್ನೆ ಕೇಳಿದ. ಕೇಳುವಾಗ ಕೈ ಮೇಜಿನ ಮೇಲಿತ್ತು, ಎರಡು ಬೆರಳು ಎದ್ದಿದ್ದವು.

“ಎಲ್ಡ್ ಪೆಡ್ಲು ಗಾಡಿ ಆಗಿದ್ರೆ ಓಡಿಸ್ಬೋದಿತ್ತಾ ಸಾರ್?”

ಸದ್ಯಕ್ಕೆ ಓಡಿಸಬಹುದು, ಬಲಗಾಲು ಗಟ್ಟಿ ಇರುವಷ್ಟು ದಿನ ಅಂದರು ಡಾಕ್ಟರು. ನಾನು ಆ ಎರಡು ಬೆರಳನ್ನು ನೋಡುತ್ತಾ ಕೂತಿದ್ದೆ.

ಮಾರನೆಯ ದಿನವೇ ಶೋರೂಮಿಗೆ ಫೋನು ಮಾಡಿದೆ. ವಾಪಸು ತೆಗೆದುಕೊಳ್ಳಲು ಅವರು ಹೇಳಿದ ಬೆಲೆ ಕೇಳಿ ಜಗಳವಾಡಿದೆ. ಆದರೆ ಅಡ್ಡಿಯಾದದ್ದು ಬೆಲೆಯಲ್ಲ. ವಿಷಯ ಗೊತ್ತಾದ ಮೇಲೆ ಅತ್ತೆ ಅವನನ್ನು ಯಾವ ಗಾಡಿಯ ಸ್ಟೇರಿಂಗಿನ ಮುಂದೂ ಕೂರಿಸಲು ಒಪ್ಪಲಿಲ್ಲ, ಎರಡು ಪೆಡಲ್ ಇರಲಿ, ಒಂದೇ ಇರಲಿ. ಅವಳ ಭಯಕ್ಕೆ ನನ್ನ ಹತ್ತಿರ ವಾದ ಇರಲಿಲ್ಲ. ಅಂದರೆ ಅವನು ಓಡಿಸಬಹುದಾಗಿದ್ದದ್ದು ಯಾರಿಗೂ ಗೊತ್ತಾಗುವ ಮುಂಚೆ ಮಾತ್ರ. ಶೋರೂಮಿನಲ್ಲಿ ಅತ್ತೆಯ ಎದುರು ಅವನು ಬಾಯಿ ಬಿಡದೆ ಇದ್ದದ್ದು ಅದಕ್ಕೇ ಇರಬೇಕು. ಕೊನೆಗೆ ಮಾವನೇ ನನ್ನನ್ನು ಸುಮ್ಮನಾಗಿಸಿದ. “ಎತ್ತು ಮನೆಗ್ ಬಂದ್ಮೇಲೆ ಮೈಮೇಲ್ನ ಸುಳಿ ನೋಡ್ಬಾರ್ದು, ಸುಮ್ಕಿರು.” ಬಲಗಾಲು ಮುಂದಿನ ದೀಪಾವಳಿಯವರೆಗೂ ಗಟ್ಟಿಯಾಗಿಯೇ ಇತ್ತು. ಪೂರಾ ಒಂದು ವರ್ಷ. ಆಮೇಲೆ ಅದೂ ಎಳೆಯತೊಡಗಿತು.

ನನ್ನ ಈ ಕತೆಯನ್ನೂ ನಾನು ಸುಮ್ಮನೆ ನಂಬಿಲ್ಲ. ಎದುರು ಪಕ್ಷದಲ್ಲಿ ನಿಂತು ವಾದಿಸಿ ನೋಡಿದ್ದೇನೆ. ವ್ಯಾಪಾರಕ್ಕೆ ಕೂತಾಗ ಟವಲ್ಲಿನಡಿಯ ಬೆರಳು ಬೆಲೆ ಬಿಟ್ಟು ಬೇರೇನನ್ನೂ ಹೇಳಿದ್ದು ತಾತನ ಕಾಲದಿಂದ ಇಲ್ಲ. ಲಕ್ಷದ ವ್ಯಾಪಾರದಲ್ಲಿ ಎರಡು ಅಂದರೆ ಎರಡು ಲಕ್ಷವೇ. ಕಲಿಸಿದವನೇ ಕಲಿಸಿದ ಅರ್ಥ ಅದು. ಗೆಣ್ಣು ನೋಯುವಂತೆ ಹಿಡಿದದ್ದು ಖುಷಿಗೂ ಇರಬಹುದು. ಬೇಡವೆನ್ನಲು ಅವನಿಗೆ ಬಾಯಿತ್ತು, ಸಹಿ ಹಾಕಿದ್ದು ಅವನ ಕೈ. ಯಾವ ತೀರ್ಪುಗಾರರ ಮುಂದೆಯೂ ನಾನು ಈ ವಾದ ಗೆಲ್ಲುತ್ತೇನೆ. ಮಾವನ ಮುಂದೂ ಗೆದ್ದಿದ್ದೆನಲ್ಲ.

ಹೋದ ತಿಂಗಳು ಅತ್ತೆಯನ್ನು ಒಪ್ಪಿಸಿ, ಆ ಕಾರಿನ ಮುಸುಕು ತೆಗೆಸಿ ಮಾವನನ್ನು ಕರೆದುಕೊಂಡು ಹೊರಟೆ. ಓಡಿಸಿದ್ದು ನಾನು. ಅವನನ್ನು ಇಬ್ಬರು ಹಿಡಿದು ಆ ತಗ್ಗು ಸೀಟಿಗೆ ಇಳಿಸಬೇಕಾಯಿತು. ಪಾಂಡವಪುರ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು. ಎರಡೂ ಕಡೆ ಕಬ್ಬು, ನೆಲ ನಿಜವಾಗಿಯೂ ಕಾಲ ಕೆಳಗೇ ಓಡುತ್ತಿತ್ತು. ನಾನು ಗೇರ್ ಬದಲಿಸಿದಾಗಲೆಲ್ಲ ಮಾವ ಅಂಗೈಯಿಂದ ತನ್ನ ಎಡ ಮಂಡಿಯನ್ನು ಕೆಳಕ್ಕೆ ಒತ್ತುತ್ತಿದ್ದ, ಪೆಡಲ್ಲೇ ಇಲ್ಲದ ಕಡೆ. ನನಗಿಂತ ಅರೆಗಳಿಗೆ ಮುಂಚೆ. ಒಂದು ಸಲವೂ ತಪ್ಪಲಿಲ್ಲ.

ಕಿರಂಗೂರಿಗೆ ಮುಂಚೆ ಒಂದು ಮರದಡಿ ಗಾಡಿ ನಿಲ್ಲಿಸಿದೆ. ಅವನ ಹೆಗಲ ಮೇಲಿದ್ದ ಟವಲ್ ತೆಗೆದುಕೊಂಡು ನಮ್ಮಿಬ್ಬರ ಕೈ ಮೇಲೆ ಹಾಕಿದೆ. ಈ ಸಲ ಬೆರಳು ಹಿಡಿದವಳು ನಾನು, ಎರಡು. ಅವನ ಕೈ ಹಗುರವಾಗಿತ್ತು. ಅವನು ಎದುರಿನ ರಸ್ತೆಯನ್ನೇ ನೋಡುತ್ತಿದ್ದ. ಟವಲ್ಲಿನ ಒಳಗಿನದನ್ನು ಹೊರಗೆ ಆಡಬಾರದೆಂದು ಕಲಿಸಿದವನನ್ನೇ ನಾನು ಬಾಯಿಬಿಟ್ಟು ಕೇಳಿದೆ.

“ಮಾವ, ಅವತ್ತು ನೀನು ಹಿಡ್ದಿದ್ದ ಎರಡು ಬೆರಳು, ಲಕ್ಷವಾ, ಪೆಡಲ್ಲಾ?”