ಎಂಟರ ಗೆರೆ

ಎಂಟರ ಗೆರೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಮೂರು ತಿಂಗಳ ಸಕ್ಕರೆ ಎಂಟರ ಕೆಳಗಿಳಿಯದೆ ಮಂಡಿಯ ಆಪರೇಷನ್ ಮಾಡುವುದಿಲ್ಲ ಎಂದು ಮೂಳೆ ಡಾಕ್ಟರು ನನ್ನ ಭಾವ ಎಲಿಸೆಯೊ ಅವರನ್ನು ವಾಪಸು ಕಳಿಸಿದರು. ಸಕ್ಕರೆ ಹೆಚ್ಚಿದ್ದರೆ ಗಾಯ ಮಾಯದೆ ಕೀವಾಗುತ್ತದಂತೆ. ಇರಬಹುದು. ಸಿಟ್ಟು ಕಾರಣ ಕೇಳಿಕೊಂಡು ಬರುವುದಿಲ್ಲ.

ನಮ್ಮೂರು ವೆಸ್ಲಾಕೊದಲ್ಲಿ ಭಾವನದು ಐಸ್ ಗೋಲಾ ಅಂಗಡಿ. ಸಿಮೆಂಟಿನ ಮೇಲೆ ನಿಂತೂ ನಿಂತೂ ಬಲಮಂಡಿ ಸವೆದುಹೋಗಿತ್ತು. ಏಪ್ರಿಲ್‌ನಲ್ಲಿ ಮಗಳು ಮರಿಬೆಲ್‌ಳ ಹದಿನೈದರ ಹಬ್ಬ; ಹುಡುಗಿಗೆ ಹದಿನೈದು ತುಂಬಿದರೆ ನಮ್ಮಲ್ಲಿ ಮದುವೆಯಷ್ಟೇ ಸಡಗರ. ಮೊದಲ ಕುಣಿತ ಅಪ್ಪನದೇ. ಅಷ್ಟರೊಳಗೆ ಮಂಡಿ ರಿಪೇರಿ ಆಗಲೇಬೇಕಿತ್ತು.

ನವೆಂಬರಿನ ಪರೀಕ್ಷೆಗೆ ಮುಂಚೆ ಭಾವ ನಾಲ್ಕು ದಿನ, ಸಕ್ಕರೆ ಇಳಿಸುತ್ತದೆಂದು ನಮ್ಮವರು ತಿನ್ನುವ ಬೇಯಿಸಿದ ಪಾಪಾಸುಕಳ್ಳಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಮನೆಯಲ್ಲಿ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮದುಮಗನ ಹಾಗೆ ತಣ್ಣಗೆ ಕೂತಿತ್ತು. ಆಸ್ಪತ್ರೆಯವರು ಮಾತ್ರ ಒಂಬತ್ತೂವರೆ ಎಂದರು. ಮಿಷನ್ನೇ ಕೆಟ್ಟಿದೆ ಎಂದು ನಾನು ಮೇಜು ಗುದ್ದಿದೆ. ನರ್ಸ್ ಒಫೇಲಿಯಾ ಹೆದರಲಿಲ್ಲ.

"ನೋಡಣ್ಣ, ಬೆರಳಿನ ಮಿಷನ್ನು ಈ ಗಳಿಗೇದು ಹೇಳುತ್ತೆ. ಇದು ಹಾಗಲ್ಲ. ಸಕ್ಕರೆ ರಕ್ತದ ಕಣಕ್ಕೆ ಅಂಟ್ಕೊಂಡ್ರೆ ಆ ಕಣ ಸಾಯೋವರೆಗೂ ಬಿಡಲ್ಲ. ಅದಕ್ಕೆ ಮೂರು ತಿಂಗಳು ಬೇಕು. ನಾಲ್ಕು ದಿನದ ಕಳ್ಳಿಗೆ ಇದು ಮೋಸ ಹೋಗಲ್ಲ."

ದಿನಾ ನಡೆಯಿರಿ ಎಂದೂ ಹೇಳಿದಳು. ಭಾವ ನಕ್ಕರು. "ನಡೆಯೋಕೆ ಕಾಲು ಬೇಕು ತಾಯಿ. ಕಾಲು ಕೊಡಿ ಅಂದ್ರೆ ಮೊದ್ಲು ನಡ್ಕೊಂಡ್ ಬಾ ಅಂತೀರಿ."

ಸಿಹಿ ತಿನ್ನುತ್ತೀರಾ ಎಂದು ಕೇಳಿದ್ದಕ್ಕೆ ಇಲ್ಲ ಎಂದರು. ಸುಳ್ಳೇನೂ ಅಲ್ಲ, ಅವರು ತಿನ್ನುತ್ತಿರಲಿಲ್ಲ, ರುಚಿ ನೋಡುತ್ತಿದ್ದರು. ಹುಣಸೆ, ಮಾವು, ಸ್ಟ್ರಾಬೆರಿ, ಒಲೆಯ ಮೇಲಿದ್ದ ಪ್ರತಿ ಪಾಕಕ್ಕೂ ಒಂದು ಚಮಚ, ಆಮೇಲೆ ಅನುಮಾನಕ್ಕೆ ಇನ್ನೊಂದು. ಇಷ್ಟು ವರ್ಷ ಅಂಗಡಿಯ ತಕ್ಕಡಿ ಅವರ ನಾಲಿಗೆಯೇ.

ಮಾರನೆಯ ದಿನದಿಂದ ಆ ಚಮಚ ನನ್ನ ಕೈಗೆ ಬಂತು. ನನ್ನ ಹುಣಸೆ ಪಾಕದ ಗೋಲಾ ತಿಂದ ಹೆಂಗಸೊಬ್ಬಳು ಎಲಿಸೆಯೊ ಊರು ಬಿಟ್ಟರಾ ಎಂದು ಕೇಳಿ ಹೋದಳು. ಗಿರಾಕಿ ಕಡಿಮೆಯಾದರು. ಹಬ್ಬದ ಖರ್ಚು ಈ ಅಂಗಡಿಯಿಂದಲೇ ಬರಬೇಕು. ಜನವರಿಯಲ್ಲಿ ಒಂದು ಮಧ್ಯಾಹ್ನ ನೋಡಿದರೆ, ಭಾವ ನನಗೆ ಬೆನ್ನು ಹಾಕಿ ಸೌಟು ನೆಕ್ಕುತ್ತಿದ್ದರು.

ಬೈದೆ. ಭಾವ ತಿರುಗಿ ಬೈಯಲಿಲ್ಲ. "ಅಂಗಡಿ ಮುಚ್ಚಿದ್ರೆ ಹಬ್ಬ ಇಲ್ಲ. ನೆಕ್ಕಿದ್ರೆ ಕುಣಿತ ಇಲ್ಲ. ನೀನೇ ಹೇಳು, ಯಾವುದು ಬಿಡ್ಲಿ?"

ನಾನು ಒಲೆಯ ಉರಿ ತಗ್ಗಿಸಿದೆ.

ಫೆಬ್ರವರಿಯಲ್ಲಿ ಎಂಟು ಪಾಯಿಂಟ್ ಮೂರು ಬಂತು. ಇಷ್ಟು ಇಳಿಸಿದ್ದೇ ದೊಡ್ಡದು ಎಂದು ಒಫೇಲಿಯಾ ಭುಜ ತಟ್ಟಿದಳು. ಡಾಕ್ಟರು ಗೆರೆ ಸರಿಸಲಿಲ್ಲ. ಇನ್ನು ಮೂರು ತಿಂಗಳು ಎಂದರು, ಅಂದರೆ ಹಬ್ಬ ಮುಗಿದ ಮೇಲೆ.

ಹಬ್ಬದ ದಿನ ವಾದ್ಯದವರು ಶುರು ಮಾಡಿದಾಗ ಭಾವ ಕೋಲೂರಿ ಎದ್ದರು. ಎರಡು ಹೆಜ್ಜೆಗೆ ಮಂಡಿ ಕಚ್ಚಿಕೊಂಡಿತು. ಮಗಳೇ ಹಿಡಿದು ಕೂರಿಸಿದಳು.

"ಬಾಕಿ ಇಟ್ಕೋ ಮಗಳೇ," ಎಂದರು. "ತೀರಿಸ್ತೀನಿ."

ಅವರ ಬದಲು ನಾನು ಕುಣಿದೆ. ಹಾಡು ಮುಗಿಯುವವರೆಗೂ ಅವಳು ನನ್ನ ಭುಜದ ಮೇಲಿಂದ ಅಪ್ಪನನ್ನೇ ನೋಡುತ್ತಿದ್ದಳು. ಮೇ ತಿಂಗಳಲ್ಲಿ ಮತ್ತೆ ಒಂಬತ್ತು ಬಂತು. ಆಮೇಲೆ ಭಾವ ಆ ಡಾಕ್ಟರ ಬಾಗಿಲು ತುಳಿಯಲಿಲ್ಲ. ಮರಿಬೆಲ್‌ಗೆ ಈಗ ಮದುವೆಯೂ ಆಗಿದೆ. ಆ ಮದುವೆಯಲ್ಲೂ ಅವಳೊಂದಿಗೆ ನಾನೇ ಕುಣಿದೆ.